ಮುಕ್ಕಾಲು ಮೀಟರ್ ಮೌನ

ಪ್ರೀತಿಯ ಗೆಳೆಯಾ,

ನಿನ್ನ ಮಗಳು ಮೈಸೂರಿನಲ್ಲಿ ಸಮುದಾಯ ರೇಡಿಯೋ ಸೇರಿದಳು ಅಂತ ಕೇಳಿ ಖುಷಿಯಾಯಿತು. "ಅವಳಿಗೆ ನಾಲ್ಕು ಮಾತು ಬರೆದು ಕಳಿಸು, ಅಷ್ಟು ವರ್ಷ ಮೈಕ್ ಮುಂದೆ ಕೂತವನು ನೀನು" ಅಂದೆಯಲ್ಲ. ಕೂತದ್ದು ನಿಜ ಮಾರಾಯ. ಆದರೆ ನಾನು ತಿಂಗಳಿಗೆ ಆರೇ ಡ್ಯೂಟಿಯ ತಾತ್ಕಾಲಿಕ ಉದ್ಘೋಷಕ. ಉಳಿದ ದಿನ ಅಂಗಡಿಯಲ್ಲಿ ನೋಟ್‌ಬುಕ್ಕು, ಪೆನ್ನು ಮಾರಿದವನು. ನನ್ನ ಮಾತು ಬೇಡ, ನನಗೆ ಕಲಿಸಿದವರ ಮಾತು ಬರೆಯುತ್ತೇನೆ. ತಮಾಷೆ ಏನು ಗೊತ್ತಾ? ಮಾತಾಡುವ ಕೆಲಸಕ್ಕೆ ಹೋದವನಿಗೆ ಎಲ್ಲರೂ ಬಾಯಿ ಮುಚ್ಚುವುದನ್ನೇ ಕಲಿಸಿದರು.

ಮಡಿಕೇರಿ ಆಕಾಶವಾಣಿ ಶುರುವಾಗಿದ್ದು 1993ರಲ್ಲಿ. 103.1 ಎಫ್‌ಎಂ. ಕನ್ನಡದ ಜೊತೆ ಕೊಡಗಿನಲ್ಲಿ ಆಡುವ ಕೊಡವ ತಕ್ಕ್, ಅರೆಭಾಷೆ ಕೂಡ. ನಾನು ಆಡಿಷನ್ ಪಾಸಾಗಿ ಒಳಗೆ ಹೋದಾಗ ಇನ್ನೂ ಸ್ಪೂಲ್ ಟೇಪಿನ ಕಾಲ. ಬೇಡದ್ದನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಉಳಿದದ್ದನ್ನು ಅಂಟಿಸುವುದೇ ಎಡಿಟಿಂಗ್.

ಆಗ ಧಾರವಾಡದ ಕಡೆಯ ಕಾರ್ಯಕ್ರಮ ಅಧಿಕಾರಿಯೊಬ್ಬರು ಇದ್ದರು. ಕಾಫಿ ತೋಟದಲ್ಲಿ ದುಡಿದು ಹಣ್ಣಾದ ಅಜ್ಜಿಯೊಬ್ಬಳನ್ನು ಮಾತಾಡಿಸಿಕೊಂಡು ಬಾ ಅಂತ ನನ್ನನ್ನು ಕಳಿಸಿದ್ದರು. ಹೋಗಿ ಬಂದೆ. ರಾತ್ರಿ ಕೂತು ನೀಟಾಗಿ ಎಡಿಟ್ ಮಾಡಿದೆ. ಕೆಮ್ಮು, ಉಸಿರು, ತಡವರಿಕೆ ಯಾವುದೂ ಇಲ್ಲ. ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಶಭಾಷ್ ಅಂತಾರೆ ಅಂತ ಕಾದು ನಿಂತಿದ್ದೆ.

ಪೂರ್ತಿ ಕೇಳಿಸಿಕೊಂಡರು. "ಆಕಿ ವಿಚಾರ ಮಾಡಿದ್ದಷ್ಟನ್ನೂ ಕತ್ತರಿಸಿ ಒಗದೀಯಲ್ಲೋ ತಮ್ಮಾ" ಅಂದರು. "ಎಲ್ಲೈತಿ ಅದು?"

ಕಸದ ಬುಟ್ಟಿಯಲ್ಲಿತ್ತು. ತೆಗೆಸಿದರು. ಒಂದೊಂದು ತುಂಡನ್ನೂ ಮಷೀನಿಗೆ ಹಚ್ಚಿ, ಕೇಳಿ, ಇದು ಎಲ್ಲಿಯದು ಅಂತ ಹುಡುಕಿ ಮತ್ತೆ ಅಂಟಿಸಿದೆ. ಮಧ್ಯಾಹ್ನದ ಊಟವೂ ಇಲ್ಲ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡುತ್ತಿತ್ತು. "ಮೊದಲ ಕೂಲಿಯಲ್ಲಿ ಏನು ಕೊಂಡಿರಿ?" ಅಂತ ಕೇಳಿದ್ದಕ್ಕೆ ಅಜ್ಜಿ ನಾಲ್ಕು ಸೆಕೆಂಡು ಸುಮ್ಮನಿದ್ದಳು. ಅಂದರೆ ಮುಕ್ಕಾಲು ಮೀಟರ್ ಟೇಪು, ನನ್ನ ತೋಳಿನಷ್ಟುದ್ದ! ಆ ತುಂಡಿನಲ್ಲಿ ದೂರದ ಒಂದು ಕೋಳಿ ಕೂಗಿದ್ದು ಬಿಟ್ಟರೆ ಬೇರೇನಿಲ್ಲ. ಅದಾದ ಮೇಲೆ ಅಜ್ಜಿ "ಏನೂ ಇಲ್ಲ, ಅಪ್ಪ ಇಸ್ಕೊಂಡ" ಅನ್ನುತ್ತಾಳೆ. ತುಂಡು ಸೇರಿಸಿದ ಮೇಲೆ ಆ ಮಾತು ಕೇಳಿದರೆ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು. ನನ್ನ ನೀಟಾದ ಟೇಪಿನಲ್ಲಿ ಅದು ಸುಮ್ನೆ ಒಂದು ಮಾಹಿತಿ.

ಸ್ಟುಡಿಯೋ ಚಿಕ್ಕದು ಅಂತ ನಾವು ಗೊಣಗಿದರೆ ಆ ಅಧಿಕಾರಿಯದ್ದು ಒಂದೇ ಉತ್ತರ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ರೇಡಿಯೋ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಅವರು ಮನಃಶಾಸ್ತ್ರದ ಮೇಷ್ಟ್ರು. ಆಕಾಶವಾಣಿ ಎಂಬ ಹೆಸರೂ ಆ ಮನೆಯದ್ದೇ. "ಅವರು ಜಾಗಾ ಕೇಳಿದ್ರೇನು?" ನಾವು ಗಪ್‌ಚುಪ್.

ಇನ್ನೊಬ್ಬರು ಇಂಜಿನಿಯರ್. ಹೆಚ್ಚು ಮಾತಿಲ್ಲ. ಸ್ಟುಡಿಯೋದ ಸ್ಪೀಕರ್ ನಂಬಬೇಡ, ಹೋಟೆಲಿನ ಸೆಟ್ಟಿನಲ್ಲಿ ನಿನ್ನ ಕಾರ್ಯಕ್ರಮ ಕೇಳು ಅಂದರು. ಹೋಗಿ ಕೇಳಿದೆ. ದೋಸೆ ಚುಂಯ್ ಅನ್ನುವ ಸದ್ದಿನಲ್ಲಿ ನನ್ನ ಗಂಭೀರ ದನಿ ಯಾರಿಗೂ ಬೇಕಾಗಿರಲಿಲ್ಲ. ಅಲ್ಲಿಗೆ ಆ ದನಿ ಬಿಟ್ಟೆ.

ಆದರೆ ನನ್ನನ್ನು ನಿಜವಾಗಿ ತಿದ್ದಿದ್ದು ನಮ್ಮ ಹಿರಿಯ ಉದ್ಘೋಷಕಿ, ನಾವೆಲ್ಲ ಅಕ್ಕ ಅಂತಿದ್ದವರು. ಒಂದು ಜುಲೈ ಬೆಳಿಗ್ಗೆ, ಜಡಿಮಳೆ. ಜಿಲ್ಲಾಧಿಕಾರಿಗಳು ರಜೆ ಕೊಟ್ಟಿದ್ದರು. ನಾನು "ಶಾಲೆಗಳಿಗೆ ಇಂದು ರಜೆ, ಮಡಿಕೇರಿ ಮತ್ತು ಸೋಮವಾರಪೇಟೆ ತಾಲ್ಲೂಕುಗಳಲ್ಲಿ" ಅಂತ ಓದಿಬಿಟ್ಟೆ. ವಿರಾಜಪೇಟೆಯ ಮಕ್ಕಳೂ ಮನೆಯಲ್ಲೇ ಉಳಿದರು. ಮೇಷ್ಟ್ರುಗಳ ಫೋನೋ ಫೋನು. ಓದಿದ್ದರಲ್ಲಿ ತಪ್ಪೇನಿದೆ ಅಂತ ನಾನು ವಾದಕ್ಕಿಳಿದೆ. ಅಕ್ಕ ನಕ್ಕರು. "ರಜೆ ಅಂದ ಮೇಲೆ ಯಾವ ಮಗು ಮುಂದಿನದು ಕೇಳುತ್ತೆ ಹೇಳು? ಕುಣಿಯೋಕೆ ಶುರು ಮಾಡಿರುತ್ತೆ. ಮೊದಲು ಊರು ಹೇಳು. ಮನಸ್ಸಲ್ಲೇ ಮೂರು ಎಣಿಸು. ಆಮೇಲೆ ಸುದ್ದಿ."

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದವಲ್ಲ, ಆಗ ನನ್ನ ಕೈಯಲ್ಲಿ ರಸ್ತೆಗಳ ಪಟ್ಟಿ ಇತ್ತು. ಎಷ್ಟೋ ಕಡೆ ಕರೆಂಟ್ ಇಲ್ಲ, ಮೊಬೈಲ್ ಇಲ್ಲ, ಬ್ಯಾಟರಿ ರೇಡಿಯೋ ಇದ್ದವರಿಗೆ ಅದೊಂದೇ. ಊರಿನ ಹೆಸರು ಓದಿದೆ. ಒಂದು, ಎರಡು, ಮೂರು. ಆಮೇಲೆ ರಸ್ತೆ ಬಂದ್ ಅಂದೆ. ಆ ಮೂರು ಎಣಿಸುವಷ್ಟರಲ್ಲಿ ಯಾರದೋ ಮನೆಯಲ್ಲಿ "ಏಯ್, ನಮ್ಮೂರು, ಸುಮ್ನಿರಿ" ಅಂತ ಗದರಿರುತ್ತಾರೆ ಅಲ್ವಾ? ನನಗೆ ಕೈ ನಡುಗುತ್ತಿತ್ತು. ಎಣಿಸುವ ಕೆಲಸ ಇದ್ದದ್ದರಿಂದ ದನಿ ನಡುಗಲಿಲ್ಲ.

ಮಗಳಿಗೆ ಈ ಕಾಗದ ಓದಿ ಹೇಳು. ಈಗ ಎಲ್ಲಾ ಕಂಪ್ಯೂಟರ್, ಮೌನವೆಲ್ಲ ಪರದೆಯ ಮೇಲೆ ಸಪಾಟಾದ ಗೆರೆ. ಅಳಿಸುವುದು ಬಹಳ ಸುಲಭ. ಬುಟ್ಟಿಯಿಂದ ಹೆಕ್ಕಿ ತರಲು ತುಂಡೂ ಉಳಿಯುವುದಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಅವಳನ್ನು ಕರೆದುಕೊಂಡು ಬಾ. ಅಕ್ಕ ಕುಶಾಲನಗರದಲ್ಲಿದ್ದಾರೆ. ಕಿವಿ ಸ್ವಲ್ಪ ಮಂದ, ರೇಡಿಯೋ ಬೀದಿಗೆಲ್ಲ ಕೇಳುವಷ್ಟು ಜೋರು. ಹೋದ ವಾರವೂ ನನ್ನ ಡ್ಯೂಟಿ ಮುಗಿಯುವುದಕ್ಕೇ ಕಾದು ಫೋನ್ ಮಾಡಿದ್ದರು. "ಎರಡೇ ಎಣಿಸಿದೆಯಲ್ಲೋ ಇವತ್ತು" ಅಂದರು.

ನಿನ್ನ,
ಅಂಗಡಿ ಗೆಳೆಯ