ಸಾವಿರ ಸಾಲು, ಅದರಲ್ಲಿ ಹನ್ನೊಂದು ಅತ್ತಿಗೆಯದು

ಇವತ್ತು ಬೆಳಿಗ್ಗೆ ನೋಟ್‌ಬುಕ್‌ನಲ್ಲಿ 1000ನೇ ಸಾಲು ಬರೆದೆ. ದಿನಕ್ಕೊಂದು ಸಾಲು. ಹತ್ತು ಊರು, ಊರಿಗೆ ಮೂರು ಅಂಕಿ: ಗರಿಷ್ಠ ತಾಪಮಾನ, ಕನಿಷ್ಠ ತಾಪಮಾನ, ಮಳೆ. ಲಡಾಖಿನ ದ್ರಾಸ್‌ನಿಂದ ತಿರುವನಂತಪುರದವರೆಗೆ, ಜೈಸಲ್ಮೇರ್‌ನಿಂದ ಚಿರಾಪುಂಜಿಯವರೆಗೆ. ಇಷ್ಟು ದೊಡ್ಡ ದೇಶದಲ್ಲಿ ಒಂದೇ ದಿನ ಎಲ್ಲೆಲ್ಲಿ ಹೇಗಿತ್ತು ಅಂತ ಪಕ್ಕಪಕ್ಕ ಇಟ್ಟು ನೋಡುವ ಆಸೆ ನನಗೆ. ಶುರು ಮಾಡಿದ್ದು ಒಬ್ಬಳೇ. ಇಲ್ಲಿವರೆಗೆ ತಂದಿದ್ದು ಬೇರೆಯವರು. ಅದಕ್ಕೇ ಈ ಬರಹ.

ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನ್ನ ದೊಡ್ಡ ತಪ್ಪನ್ನು ತಿದ್ದಿದರು. ಮೊದಮೊದಲು ನಾನು ಎಲ್ಲ ಊರಿನ ಬೆಳಿಗ್ಗೆ 8.30ರ ತಾಪಮಾನವನ್ನೇ ಹೋಲಿಸುತ್ತಿದ್ದೆ. ಅವರು ಕೂರಿಸಿಕೊಂಡು ಹೇಳಿದರು: "ಆ ಹೊತ್ತಿಗೆ ಅರುಣಾಚಲದಲ್ಲಿ ಬಿಸಿಲು ಚೆನ್ನಾಗಿ ಏರಿರುತ್ತಮ್ಮ. ಗುಜರಾತಿನ ಪಶ್ಚಿಮ ತುದಿಯಲ್ಲಿ ಸೂರ್ಯ ಹುಟ್ಟೋದೇ ಹೆಚ್ಚುಕಡಿಮೆ ಎರಡು ಗಂಟೆ ತಡ. ದಿನದ ಗರಿಷ್ಠ, ಕನಿಷ್ಠ ಹಿಡಿ." ಹಿಡಿದೆ. ಅವರಿಗೆ ಶರಣು.

ಬಿಟ್ಟುಹೋದ ಅಂಕಿ ಹುಡುಕಿಕೊಟ್ಟವರು, ಕಂಪ್ಯೂಟರ್‌ಗೆ ಏರಿಸಿಕೊಟ್ಟವರು, "ಇವತ್ತು ಬರೆದ್ಯಾ?" ಅಂತ ದಿನಾ ಕೇಳಿದವರು, ನಿಮಗೆಲ್ಲ ತುಂಬಾ ಥ್ಯಾಂಕ್ಸ್.

ಇನ್ನು ಅತ್ತಿಗೆ.

ಕಳೆದ ಜುಲೈನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದ ಆ ಹನ್ನೊಂದು ದಿನ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಮತ್ತೆ ಬರೆಯಲ್ಲ. ಮೂರನೇ ರಾತ್ರಿ ಡಾಕ್ಟರು "ಬೆಳಗಿನವರೆಗೆ ನೋಡೋಣ" ಅಂದು ಹೋದರು. ಅಮ್ಮ ಒಳಗೆ. ನಾನು, ಅತ್ತಿಗೆ ಹೊರಗೆ ಬೆಂಚಿನ ಮೇಲೆ. ಅಣ್ಣ ಊರಿಗೆ ಬಂದು ಮುಟ್ಟುವುದು ಮರುದಿನ ಮಧ್ಯಾಹ್ನವೇ ಅಂತ ಆಗಿತ್ತು. ಕಿಟಕಿಯಾಚೆ ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು.

ನನಗೆ ಅಳುವೂ ಬರುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಕೈ ತಣ್ಣಗಾಗಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಅತ್ತಿಗೆ ನನ್ನ ಬ್ಯಾಗಿನಿಂದ ನೋಟ್‌ಬುಕ್ ಎಳೆದರು. "ಮೊನ್ನೆಯಿಂದ ಖಾಲಿ ಇದೆಯಲ್ಲೇ. ಫೋನ್‌ನಲ್ಲಿ ನೋಡಿ ಹೇಳು, ನಾನು ಬರೀತೀನಿ" ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಈಗ ಇದೆಲ್ಲ ಬೇಕಾ ಅಂತ ಗದರಿಬಿಟ್ಟೆ. ಅತ್ತಿಗೆ, ಅದಕ್ಕೆ ಇವತ್ತಿನವರೆಗೂ ನಿಮ್ಮ ಹತ್ತಿರ ಕ್ಷಮೆ ಕೇಳಿಲ್ಲ. ಇಲ್ಲಿ ಕೇಳುತ್ತಿದ್ದೇನೆ.

ಅವರು ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಪೆನ್ನು ಹಿಡಿದು ಕಾದರು. ಸ್ವಲ್ಪ ಹೊತ್ತಾದ ಮೇಲೆ ನಾನು ಅಂಕಿ ಹೇಳತೊಡಗಿದೆ, ಅವರು ಬರೆದರು. ನಡುವೆ ಒಂದೊಂದೇ ಪ್ರಶ್ನೆ. "ಆಗುಂಬೆ ಮುಳುಗ್ತಿದೆ, ಚೆನ್ನೈಗೆ ಮಾತ್ರ ಯಾಕೆ ಇಷ್ಟು ಕಮ್ಮಿ?" ಮುಂಗಾರು ಗಾಳಿ ಅರಬ್ಬಿ ಸಮುದ್ರದಿಂದ ಬಂದು ಪಶ್ಚಿಮ ಘಟ್ಟ ಹತ್ತುವಾಗಲೇ ಬಹಳಷ್ಟು ನೀರು ಸುರಿಸಿಬಿಡುತ್ತೆ, ಘಟ್ಟದ ಆಚೆ ಇಳಿಯುವಾಗ ಒಣಗಿರುತ್ತೆ ಅಂದೆ. ಚೆನ್ನೈಗೆ ಜೋರು ಮಳೆಯ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್ ಅಂದೆ. ಅಷ್ಟು ಹೇಳುವಷ್ಟರಲ್ಲಿ ನನ್ನ ದನಿ ನನಗೆ ವಾಪಸ್ ಸಿಕ್ಕಿತ್ತು.

ಆಮೇಲೆ ಕೇಳಿದರು: "ಆಗುಂಬೆಯಲ್ಲೂ ಈಗ ಹೀಗೇ ಹೊಯ್ತಿರಬೇಕು. ಅದನ್ನ ಇವತ್ತಿನ ತಾರೀಖಿಗೆ ಬರೀಬೇಕಾ?"

ಇಲ್ಲ ಅತ್ತಿಗೆ, ಅಂದೆ. ಮಳೆ ಅಳೆಯೋದು ಬೆಳಿಗ್ಗೆ 8.30ಕ್ಕೆ. ಅದರ ಹಿಂದಿನ 24 ಗಂಟೆ ಬಿದ್ದದ್ದೆಲ್ಲ ಅಳೆದ ದಿನದ ಲೆಕ್ಕಕ್ಕೆ.

"ಹಾಗಾದ್ರೆ ಈ ರಾತ್ರಿಯದನ್ನ ನಾಳೆ ಬರೆಯೋಣ ಬಿಡು" ಅಂದು ಪೆನ್ನಿನ ಮುಚ್ಚಳ ಹಾಕಿದರು.

ನಾಳೆ. ಆ ರಾತ್ರಿ ಆ ಮಾತನ್ನು ಬಾಯಿ ಬಿಟ್ಟು ಹೇಳಿದವರು ಇನ್ನೊಬ್ಬರಿಲ್ಲ. ನರ್ಸ್ ಹೇಳಲಿಲ್ಲ, ಫೋನ್ ಮಾಡಿದ ನೆಂಟರು ಹೇಳಲಿಲ್ಲ. ನನಗಂತೂ ಅದನ್ನು ಯೋಚಿಸಲೂ ಹೆದರಿಕೆ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತಿದೆ.

ಬೆಳಿಗ್ಗೆ ಡಾಕ್ಟರು ಹೊರಗೆ ಬಂದು ಹೇಳಿದ್ದು ನಿಮಗೆ ಗೊತ್ತು. ನಾನು ಗೋಡೆಗೆ ಒರಗಿ ಅತ್ತೆ. ಅತ್ತಿಗೆ ಬೆನ್ನು ಸವರುತ್ತಾ ನಿಂತರು. ಆ ದಿನದ ಅಂಕಿ ಬಂದ ಮೇಲೆ ನೆನಪಿಟ್ಟು ಆಗುಂಬೆಯ ಮಳೆ ಬರೆದರು.

ಉಳಿದ ದಿನಗಳನ್ನೂ ಅವರೇ ಬರೆದದ್ದು. ಆ ಪುಟ ಈಗ ನನ್ನ ಎದುರಿಗಿದೆ. ನನ್ನದು ವಾಲಿದ ಅಕ್ಷರ, ಅವರದು ದುಂಡಗೆ, ಒತ್ತಿ ಬರೆದದ್ದು. ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಉಬ್ಬು ಸಿಗುತ್ತದೆ. ಒಂದು ದಿನ ದ್ರಾಸ್‌ನ ಅಂಕಿ ಸಿಕ್ಕಿಲ್ಲ. ಅಲ್ಲಿ ಪುಟ್ಟದಾಗಿ "ಇಲ್ಲ" ಅಂತ ಬರೆದಿದ್ದಾರೆ. ಸೊನ್ನೆ ಹಾಕಿಲ್ಲ. ಮಳೆಯ ಮನೆಯಲ್ಲಿ ಸೊನ್ನೆ ಅಂದರೆ ಮಳೆಯಿಲ್ಲದ ದಿನ, ತಾಪಮಾನದ ಮನೆಯಲ್ಲಿ ಸೊನ್ನೆ ಅಂದರೆ ನೀರು ಹೆಪ್ಪುಗಟ್ಟುವ ಚಳಿ. ಗೊತ್ತಿಲ್ಲ ಅನ್ನೋದು ಇವೆರಡೂ ಅಲ್ಲ. ನಾನು ಮೊದಲ ತಿಂಗಳು ಇಂಥ ಕಡೆಯೆಲ್ಲ ಸೊನ್ನೆ ಬರೆದು ಸರಾಸರಿಯನ್ನೇ ಕೆಡಿಸಿದ್ದೆ. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಅಮ್ಮ ಮನೆಯಲ್ಲಿದ್ದಾರೆ. ದಿನಾ ಬೆಳಿಗ್ಗೆ ಮಂಚದ ಮೇಲಿಂದಲೇ "ಚುರು ಎಷ್ಟು?" ಅಂತ ಕೇಳುತ್ತಾರೆ. ಬೇಸಿಗೆಯಲ್ಲಿ 50 ಡಿಗ್ರಿ ಮುಟ್ಟಿ, ಚಳಿಗಾಲದ ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ರಾಜಸ್ಥಾನದ ಊರು ಅದು. ವರ್ಷವಿಡೀ ಹೆಚ್ಚು ಏರಿಳಿಯದ ತಿರುವನಂತಪುರದ ಪಕ್ಕದಲ್ಲಿ ಅದನ್ನಿಟ್ಟು ನೋಡುವುದು ಅಮ್ಮನಿಗೂ ಇಷ್ಟ, ನನಗೂ ಇಷ್ಟ. ಅದೇ 37 ಡಿಗ್ರಿ ಚುರುವಿನಲ್ಲಿ ಮೇ ತಿಂಗಳಿಗೆ ತಂಪು ಅನ್ನಿಸಬಹುದು, ಕರಾವಳಿಯಲ್ಲಿ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿಯಾಗಿದ್ದರೆ ಬಿಸಿಗಾಳಿಯ ಲೆಕ್ಕಕ್ಕೆ ಬರುತ್ತದೆ. ಅಮ್ಮ ಇದನ್ನು ಬಂದವರಿಗೆಲ್ಲ ಹೇಳುತ್ತಾರೆ.

ಹಳೇ ನೋಟ್‌ಬುಕ್ ತುಂಬಿತು. ಹೊಸದಕ್ಕೆ ನಿನ್ನೆ ಸಂಜೆ ಅತ್ತಿಗೆಯೇ ಸ್ಕೇಲ್ ಇಟ್ಟು ಗೀಟು ಎಳೆದರು. ಎಣಿಸಿದೆ, ಹನ್ನೊಂದು ಊರಿಗೆ ಜಾಗ ಬಿಟ್ಟಿದ್ದಾರೆ. ಯಾಕೆ ಅಂದರೆ, "ಅಂಡಮಾನ್ ಬಿಟ್ಟುಬಿಟ್ಟಿದ್ದೀಯಲ್ಲೇ. ಕೇರಳಕ್ಕಿಂತ ಮೊದಲು ಮುಂಗಾರು ಮುಟ್ಟೋದು ಅಲ್ಲೇ ಅಲ್ವಾ?" ಅಂದರು.