ಬಟರ್‌ಫ್ಲೈ ಮತ್ತು ನಿನ್ನ ಸೊಂಟ

ಪ್ರೀತಿಯ ಮಂಜು,

ನಿನ್ನೆ ಫೋನಿನಲ್ಲಿ ಸೊಂಟನೋವಿನ ವಿಷಯ ಹೇಳಿ, ಕೊನೆಗೆ 'ತಾನಾಗೇ ಹೋಗುತ್ತೆ ಬಿಡು' ಅಂದೆಯಲ್ಲ, ಆ ಮಾತು ನನಗೆ ಹಿಡಿಸಲಿಲ್ಲ. ಫ್ರೀಸ್ಟೈಲ್‌ನಲ್ಲಿ ಇಲ್ಲದ ನೋವು, ಎರಡೂ ಕೈಗಳನ್ನು ಒಟ್ಟಿಗೆ ಮುಂದಕ್ಕೆ ಬೀಸಿ ಈಜುವ ಬಟರ್‌ಫ್ಲೈ ಶುರು ಮಾಡಿದ ಕೂಡಲೇ ಬರುತ್ತದೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಮುಲಾಮು ಹಚ್ಚಿಕೊಂಡು ಮತ್ತೆ ಅದೇ ಥರ ಈಜಿದರೆ ಏನು ಬಂತು? ಈಜುವ ಬೇರೆ ಗೆಳೆಯರಿಗೂ ಉಪಯೋಗವಾಗಲಿ ಅಂತ ಈ ಪತ್ರವನ್ನು ಎಲ್ಲರೂ ಓದುವಂತೆ ಹಾಕಿದ್ದೇನೆ.

ಕಳೆದ ಸಲ ನೀನು ಮಂಡ್ಯದಿಂದ ಬಂದಾಗ ಸರಸ್ವತಿಪುರಂ ಈಜುಕೊಳದಲ್ಲಿ ನಿನ್ನನ್ನು ಸರಿಯಾಗಿ ಗಮನಿಸಿದೆ. ತೋಳಿನಲ್ಲಿ ಒಳ್ಳೆ ಕಸುವಿದೆ. ಆದರೆ ಉಸಿರಿಗಾಗಿ ಪ್ರತಿ ಸಲ ತಲೆ, ಎದೆ ಎರಡನ್ನೂ ಜಾಸ್ತಿ ಮೇಲೆತ್ತುತ್ತೀಯ. ತಲೆ ಮೇಲೆ ಹೋದಷ್ಟೂ ಸೊಂಟ ಕೆಳಗಿಳಿಯುತ್ತದೆ. ಕೆಳಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗುತ್ತದೆ. ಬೆನ್ನುಮೂಳೆಯ ಹಿಂಬದಿಯ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ಒಂದೊಂದು ಲ್ಯಾಪ್‌ನಲ್ಲೂ ಎಷ್ಟು ಸಲ ಹೀಗಾಗುತ್ತದೆ, ಯೋಚಿಸು.

ಇದು ನಾಲೆಯಲ್ಲಿ ಈಜು ಕಲಿತವರ ಅಭ್ಯಾಸ ಕಣೋ. ನಿಮ್ಮ ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಸೆಳವಿನಲ್ಲಿ ಮುಂದೇನಿದೆ, ಮೆಟ್ಟಿಲು ಎಲ್ಲಿದೆ ಅಂತ ನೋಡುತ್ತಲೇ ಇರಬೇಕು. ಅಲ್ಲಿ ತಲೆ ಮೇಲಿದ್ದರೇ ಕ್ಷೇಮ. ಬಟರ್‌ಫ್ಲೈಗೆ ಅದು ಆಗಿಬರುವುದಿಲ್ಲ.

ಇನ್ನೊಂದು, ನೀನು ಉಸಿರಿಗೆ ಏಳುವುದು ತಡ. ಕೈ ಪೂರ್ತಿ ಎಳೆದಾದ ಮೇಲೆ ಏಳುತ್ತೀಯ. ಆಗ ಬೆನ್ನಿನ ಬಲದಿಂದಲೇ ಎದ್ದೇಳಬೇಕಾಗುತ್ತದೆ. ಕೈ ನೀರನ್ನು ಎಳೆಯಲು ಶುರು ಮಾಡಿದಾಗಲೇ ಮುಖ ಏಳಲಿ. ಕೈ ಮುಂದೆ ಬಂದು ನೀರು ಮುಟ್ಟುವ ಮೊದಲೇ ಮುಖ ಒಳಗೆ ಹೋಗಿರಲಿ. ಗದ್ದ ನೀರಿನ ಮಟ್ಟದಲ್ಲೇ ಇರಲಿ. ಉಸಿರನ್ನು ನೀರೊಳಗೇ ಬಿಟ್ಟುಬಿಟ್ಟರೆ ಮೇಲೆ ಬಂದಾಗ ಎಳೆದುಕೊಳ್ಳುವುದಷ್ಟೇ ಕೆಲಸ. ಒಲಿಂಪಿಕ್ ಚಾಂಪಿಯನ್ ಮೈಕಲ್ ಫೆಲ್ಪ್ಸ್ ಹೆಚ್ಚುಕಮ್ಮಿ ಪ್ರತಿ ಸ್ಟ್ರೋಕ್‌ಗೂ ಉಸಿರು ತೆಗೆದುಕೊಳ್ಳುತ್ತಿದ್ದ ಅಂತ ನೀನು ವಾದ ಹೂಡಬಹುದು. ನಿಜ, ಆದರೆ ಅವನ ಮುಖ ನೀರಿಗೆ ಎಷ್ಟು ಹತ್ತಿರ ಇರುತ್ತಿತ್ತು ನೋಡು. ನಿನಗೆ ಸದ್ಯಕ್ಕೆ ಎರಡು ಸ್ಟ್ರೋಕ್‌ಗೆ ಒಂದು ಉಸಿರು ಸಾಕು.

ಪ್ರತಿ ಸಲ ಕೈ ಬೀಸುವಾಗಲೂ ಕಿಕ್, ಅಂದರೆ ಕಾಲಿನ ಒದೆತ, ಎರಡು ಇರಬೇಕು. ಕೈ ನೀರಿಗೆ ಬಿದ್ದಾಗ ಒಂದು, ಕೈ ಸೊಂಟದ ಹತ್ತಿರ ನೀರು ತಳ್ಳುವಾಗ ಇನ್ನೊಂದು. ಈ ಎರಡನೆಯದು ತಪ್ಪಿದರೆ ಮೈಯನ್ನು ಎತ್ತುವ ಭಾರವೂ ಬೆನ್ನಿಗೇ ಬೀಳುತ್ತದೆ. ಎದೆಯನ್ನು ಸ್ವಲ್ಪ ಕೆಳಕ್ಕೆ ಒತ್ತು, ಸೊಂಟ ತಾನೇ ಮೇಲೆ ಬರುತ್ತದೆ.

ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು ನೀನು. ಭುಜ, ಮೇಲ್ಬೆನ್ನು, ತೊಡೆಸಂದಿನ ಮುಂಭಾಗ ಬಿಗಿದುಕೊಂಡರೆ ಅವು ಬಾಗಬೇಕಾದಷ್ಟನ್ನೂ ಕೆಳಬೆನ್ನೇ ಬಾಗಬೇಕು. ಯಾರೋ ಭುಜಂಗಾಸನ ಮಾಡು ಅಂದರಂತಲ್ಲ, ಈಗ ಬೇಡ. ಹಿಂದಕ್ಕೆ ಬಾಗಿದಾಗಲೇ ನೋಯುವ ಬೆನ್ನನ್ನು ಮತ್ತೆ ಹಿಂದಕ್ಕೆ ಯಾಕೆ ಬಗ್ಗಿಸಬೇಕು? ಮುಂಗೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್ ಮಾಡು, ಹೊಟ್ಟೆಯ ಸ್ನಾಯು ಗಟ್ಟಿಯಾಗಲಿ. ಕಿಕ್ ಬೋರ್ಡ್ (ತೇಲುವ ಹಲಗೆ) ಹಿಡಿದು ತಲೆ ಎತ್ತಿ ಕಿಕ್ ಮಾಡುವುದನ್ನೂ ನಿಲ್ಲಿಸು. ನೋವು ಹೋದ ಮೇಲೆ ಒಂದೇ ಕೈಯ ಬಟರ್‌ಫ್ಲೈಯಿಂದ ಶುರು ಮಾಡು. ಒಂದು ಸಲಕ್ಕೆ 25 ಮೀಟರ್ ಸಾಕು. ಸುಸ್ತಾಗಿ ಸೊಂಟ ಇಳಿಯತೊಡಗಿದರೆ ಅಲ್ಲಿಗೇ ನಿಲ್ಲಿಸಿಬಿಡು.

ನಿನ್ನ ಅಕ್ಕನ ಮಗನೂ ಬಟರ್‌ಫ್ಲೈ ಈಜುತ್ತಾನಲ್ವಾ? ಅವನ ಬಗ್ಗೆ ನನಗೆ ಇನ್ನೂ ಜಾಸ್ತಿ ಕಾಳಜಿ. ಬೆಳೆಯುವ ವಯಸ್ಸಿನಲ್ಲಿ ಬೆನ್ನು ಮತ್ತೆ ಮತ್ತೆ ಹೀಗೆ ಬಾಗಿದರೆ ಬೆನ್ನುಮೂಳೆಯ ಕೆಳಭಾಗದಲ್ಲಿ ಸಣ್ಣ ಬಿರುಕು ಬರಬಹುದು. ಡಾಕ್ಟರು ಅದನ್ನು ಸ್ಪಾಂಡಿಲೋಲಿಸಿಸ್ ಅನ್ನುತ್ತಾರೆ. ಶುರುವಿನಲ್ಲಿ ಬರೀ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು. ಅವನಿಗೆ ಸೊಂಟ ನೋವು ಅಂದರೆ 'ಸ್ನಾಯು ಹಿಡಿದಿದೆ' ಅಂತ ಸುಮ್ನೆ ಬಿಡಬೇಡಿ.

ನೀನೂ ಈ ವಾರವೇ ಮೂಳೆ ಡಾಕ್ಟರಿಗೆ ತೋರಿಸು. ಕಾಲಿಗೆ ಜೋಮು ಇಳಿದರೆ ಅಥವಾ ಕಾಲು ಸೋತಂತಾದರೆ ತಡ ಮಾಡಬೇಡ. ಮೂತ್ರದ ಹಿಡಿತ ತಪ್ಪಿದರಂತೂ ಆ ಕ್ಷಣವೇ ಆಸ್ಪತ್ರೆಗೆ ಹೋಗು. ತೋರಿಸಿಕೊಂಡು ಬಂದ ದಿನ ರಾತ್ರಿ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ಗೆಳೆಯ,
ಮೈಸೂರು