ಬಾತೂರ್ ಜ್ವಾಲಾಮುಖಿ ಹತ್ತುವವರು ಇದನ್ನು ಓದಿ

ಎಲ್ಲರಿಗೂ ನಮಸ್ಕಾರ. ಬಾಲಿ ದ್ವೀಪದ ಬಾತೂರ್ ಬೆಟ್ಟದ ಚಾರಣಕ್ಕೆ ಹೆಸರು ಕೊಟ್ಟವರು ದಯವಿಟ್ಟು ಪೂರ್ತಿ ಓದಿ.

ಬೆಟ್ಟದ ಎತ್ತರ 1717 ಮೀಟರ್. ಇದು ಜೀವಂತ ಜ್ವಾಲಾಮುಖಿ, 2000ದಲ್ಲೂ ಸಿಡಿದಿತ್ತು. ಗೈಡ್ ಬಿಟ್ಟು ಯಾರೂ ಮುಂದೆ ಹೋಗಬೇಡಿ. ಅವರು ಇವತ್ತು ಬೇಡ ಅಂದರೆ ಬೇಡ ಅಷ್ಟೇ, ದುಡ್ಡು ಹೋದರೂ ಹೋಗಲಿ.

ಬೂಟಿನ ವಿಷಯ ಮುಖ್ಯ. ನಮ್ಮ ಬಳ್ಳಾರಿ ಕೋಟೆ ಗುಡ್ಡದ ಹಾಗೆ ಗಟ್ಟಿ ಬಂಡೆ ಅಲ್ಲ ಅದು. ಮೇಲೆ ಹೋದಂತೆ ಕಪ್ಪು ಮರಳು, ಸಡಿಲ ಕಲ್ಲು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಇಳಿಯುವಾಗ ಇನ್ನೂ ಕಷ್ಟ, ಮೊಣಕಾಲು ನಡುಗುತ್ತವೆ. ಹಿಡಿತ ಸವೆದ ಬೂಟು ಬೇಡವೇ ಬೇಡ.

ಕತ್ತಲಲ್ಲೇ ಹೊರಡುತ್ತೇವೆ. ತಲೆಗೆ ಕಟ್ಟುವ ಟಾರ್ಚ್, ನೀರು, ಸ್ವೆಟರ್ ಇರಲಿ. ನಮ್ಮ ಬಿಸಿಲಿಗೆ ಒಗ್ಗಿದ ಮೈಗೆ ಅಲ್ಲಿನ ಬೆಳಗಿನ ಗಾಳಿ ಚಳಿಯೇ.

ತುದಿಯಲ್ಲಿ ಕಲ್ಲಿನ ಸಂದಿಯಿಂದ ಹಬೆ ಬರುತ್ತದೆ. ಗೈಡ್‌ಗಳು ಅದರಲ್ಲೇ ಮೊಟ್ಟೆ ಬೇಯಿಸುತ್ತಾರೆ, ಅಷ್ಟು ಬಿಸಿ! ಸುಮ್ನೆ ಕೈ ಒಡ್ಡಬೇಡಿ. ಉಬ್ಬಸ ಇರುವವರು ಈಗಲೇ ನನಗೆ ತಿಳಿಸಿ, ಸಂಕೋಚ ಬೇಡ.

ಈ ಭಾನುವಾರ ಕೋಟೆ ಗುಡ್ಡವನ್ನು ಎರಡು ಸಲ ಹತ್ತಿ ಇಳಿಯೋಣ. ಅದೇ ಬೂಟು, ಅದೇ ಬ್ಯಾಗು ತನ್ನಿ.